ಎರ್ನ್ಸ್ಟ್ ಚೇನ್: ಔಷಧಕ್ಕೆ ದಾರಿ ತೆರೆದ ವಿಜ್ಞಾನಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿಕೊಂಡಾಗ ನಾನು ಮೊದಲು ಹಿಂಜರಿದೆ. ಶಾಲೆಯ ಹುಟ್ಟು, ಸ್ಥಾಪಕರ ತ್ಯಾಗ, ಕಾಸರಗೋಡಿನ ಈ ನೆಲದಲ್ಲಿ ಕನ್ನಡವನ್ನು ಉಳಿಸಿಕೊಳ್ಳಲು ಹಿರಿಯರು ಪಟ್ಟ ಪಾಡು, ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ಮೆಟ್ರಿಕ್ ಮತ್ತು ಅಧ್ಯಾಪಕ ತರಬೇತಿಯನ್ನಷ್ಟೇ ಮುಗಿಸಿ, ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳಿಗೆ ಮೂರು ದಶಕಗಳ ಕಾಲ ಕನ್ನಡದಲ್ಲಿ ವಿಜ್ಞಾನ ಕಲಿಸಿದವನು ನಾನು. ಆದುದರಿಂದ ಒಬ್ಬ ವಿಜ್ಞಾನಿಯ ಬಾಳನ್ನು ಮಕ್ಕಳ ಮುಂದಿಡುವುದೇ ನನಗೆ ಉಚಿತವೆಂದು ತೋರಿತು. ಈ ವಿಜ್ಞಾನಿಯನ್ನೇ ಆರಿಸಿಕೊಂಡುದಕ್ಕೆ ನನ್ನದೇ ಆದ ಒಂದು ಕಾರಣವೂ ಉಂಟು. ಅದನ್ನು ಲೇಖನದ ನಡುವೆ ಅರಿಕೆ ಮಾಡುತ್ತೇನೆ.

ಪೆನಿಸಿಲಿನ್ ಎಂದೊಡನೆ ನಮ್ಮ ಮಕ್ಕಳ ಬಾಯಲ್ಲಿ ಬರುವುದು ಅಲೆಗ್ಸಾಂಡರ್ ಫ್ಲೆಮಿಂಗ್ ಅವರ ಹೆಸರು. ಪಾಠಪುಸ್ತಕದಲ್ಲಿ ಇರುವುದೂ ಅದೇ, ನಾನು ಕಲಿಸಿದ್ದೂ ಅದನ್ನೇ. ಆದರೆ 1945ರಲ್ಲಿ ಪೆನಿಸಿಲಿನ್‌ಗಾಗಿ ನೊಬೆಲ್ ಪಾರಿತೋಷಕವನ್ನು ಮೂವರಿಗೆ ಹಂಚಲಾಯಿತು. ಫ್ಲೆಮಿಂಗ್ ಒಬ್ಬರು, ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ ಎರಡನೆಯವರು, ಎರ್ನ್ಸ್ಟ್ ಬೋರಿಸ್ ಚೇನ್ ಮೂರನೆಯವರು. ಚೇನ್ ಅವರ ಹೆಸರನ್ನು ಬಲ್ಲವರು ಕಡಿಮೆ. ಪೆನಿಸಿಲಿನ್‌ನ ಕೀರ್ತಿ ಬರುವ ಮೊದಲೇ ಅವರು ಇನ್ನೊಂದು ಒಗಟನ್ನು ಬಿಡಿಸಿದ್ದರೆಂಬುದನ್ನು ಬಲ್ಲವರು ಇನ್ನೂ ಕಡಿಮೆ. ಚರ್ಮದ ಕೆಳಗೆ ಚುಚ್ಚಿದ ಪದಾರ್ಥವು ಒಮ್ಮೊಮ್ಮೆ ಸುತ್ತಲಿನ ಅಂಗಾಂಶದಲ್ಲಿ ಬೇಗನೆ ಹರಡುವುದು ಹೇಗೆ ಎಂಬುದೇ ಆ ಒಗಟು. ಅದರ ಉತ್ತರ ಒಂದು ಕಿಣ್ವ. ಆ ಕಿಣ್ವವನ್ನು ಇಂದು ಕೆಲವು ಚುಚ್ಚುಮದ್ದುಗಳ ಜೊತೆಗೇ ಬೆರೆಸಿ ಕೊಡುತ್ತಾರೆ.

ಕಿಣ್ವವೆಂದರೇನೆಂದು ನಮ್ಮ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅನ್ನವನ್ನು ಬಹಳ ಹೊತ್ತು ಜಗಿದರೆ ಬಾಯಿ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿಸುತ್ತದೆ. ಗಂಜಿತಿಳಿಗೆ ಅಯೊಡಿನ್ ಹಾಕಿದರೆ ನೀಲಿಯಾಗುವುದನ್ನೂ, ಎಂಜಲು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಆ ನೀಲಿ ಬಾರದಿರುವುದನ್ನೂ ನಮ್ಮ ಶಾಲೆಯ ಎಷ್ಟೋ ತಂಡಗಳು ಕಣ್ಣಾರೆ ಕಂಡಿವೆ. ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಪಿಷ್ಟವನ್ನು ಕತ್ತರಿಸುವ ಕಿಣ್ವ ಮಾಂಸವನ್ನು ಕತ್ತರಿಸದು. ಚೇನ್ ಅವರ ಇಡೀ ಬಾಳು ಈ ಕಿಣ್ವಗಳ ಜಾಡನ್ನು ಹಿಡಿದು ನಡೆದ ಬಾಳು.

ಚೇನ್ ಹುಟ್ಟಿದ್ದು 1906ರ ಜೂನ್ 19ರಂದು, ಜರ್ಮನಿಯ ಬರ್ಲಿನ್ ನಗರದಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ತಂದೆ ಮೈಕೇಲ್ ಚೇನ್ ರಷ್ಯಾ ಸಾಮ್ರಾಜ್ಯದ ಮೊಗಿಲೆವ್‌ನಿಂದ ಬಂದು ನೆಲೆಸಿದ ರಸಾಯನ ಶಾಸ್ತ್ರಜ್ಞರು, ಉದ್ಯಮಿಗಳು. ತಾಯಿ ಮಾರ್ಗರೆಟ್. ತಂದೆಯ ಪ್ರಯೋಗಾಲಯಕ್ಕೂ ಕಾರ್ಖಾನೆಗೂ ಹೋಗಿ ಬರುತ್ತಿದ್ದ ಬಾಲಕನಿಗೆ ರಸಾಯನ ಶಾಸ್ತ್ರದ ಮೇಲೆ ಒಲವು ಹುಟ್ಟಿತು. ಆದರೆ 1919ರಲ್ಲಿ ತಂದೆ ತೀರಿಕೊಂಡರು. ಮೊದಲನೆಯ ಮಹಾಯುದ್ಧ ಆಗತಾನೇ ಮುಗಿದಿತ್ತು. ಜರ್ಮನಿಯ ಹಣಕ್ಕೆ ಬೆಲೆಯಿಲ್ಲದಂತಾಗಿ ಕುಟುಂಬದ ಸಿರಿ ಕರಗಿತು. ತಾಯಿ ವಾಸದ ಮನೆಯನ್ನೇ ಅತಿಥಿಗೃಹವಾಗಿ ಮಾಡಿ ಸಂಸಾರವನ್ನು ಸಾಗಿಸಬೇಕಾಯಿತು. ಅಂತಹ ಕಷ್ಟದಲ್ಲೂ ಮಗನ ಓದು ನಿಲ್ಲಲಿಲ್ಲ. ಬರ್ಲಿನ್ ವಿಶ್ವವಿದ್ಯಾಲಯದಿಂದ 1930ರಲ್ಲಿ ಪದವಿ ಪಡೆದು, ಅಲ್ಲಿನ ಹೆಸರಾಂತ ಶಾರಿಟೇ ಆಸ್ಪತ್ರೆಯಲ್ಲಿ ಕಿಣ್ವಗಳ ಬಗೆಗೆ ಸಂಶೋಧನೆ ಆರಂಭಿಸಿದರು. ಅವರು ನುರಿತ ಪಿಯಾನೋ ವಾದಕರೂ ಆಗಿದ್ದರು. ಸಂಗೀತವನ್ನೇ ವೃತ್ತಿಯಾಗಿಸಿಕೊಳ್ಳಲೋ, ವಿಜ್ಞಾನವನ್ನೋ ಎಂಬ ತೊಳಲಾಟ ಅವರಿಗೆ ಕೆಲಕಾಲ ಇತ್ತು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ತಮ್ಮಂತಹ ಯಹೂದಿಗಳಿಗೆ ಜರ್ಮನಿಯಲ್ಲಿ ಇನ್ನು ಜಾಗವಿಲ್ಲವೆಂಬುದನ್ನು ಚೇನ್ ಬೇಗನೆ ಅರಿತರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಇಳಿದಾಗ ಅವರ ಜೇಬಿನಲ್ಲಿದ್ದುದು 10 ಪೌಂಡ್ ಹಣ. ತಾಯಿಯೂ ತಂಗಿಯೂ ಬರ್ಲಿನ್ನಿನಲ್ಲೇ ಉಳಿದರು. ಆ ಇಬ್ಬರನ್ನು ಅವರು ಮತ್ತೆ ಪಡೆಯಲಿಲ್ಲ. ನಾಜಿಗಳ ಹತ್ಯಾಕಾಂಡದಲ್ಲಿ ಅವರಿಬ್ಬರೂ ಇಲ್ಲವಾದರು. ಮುಂದೆ ಲಕ್ಷಾಂತರ ಜನರ ಪ್ರಾಣ ಉಳಿಸಿದ ಔಷಧಕ್ಕೆ ಕೈಹಾಕಿದ ಮನುಷ್ಯನಿಗೆ ತನ್ನ ಹೆತ್ತವಳನ್ನು ಉಳಿಸಿಕೊಳ್ಳಲಾಗಲಿಲ್ಲ. ಈ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲವೆಂದರೆ ಅಚ್ಚರಿಯೇನಿದೆ?

ಇಂಗ್ಲೆಂಡಿನಲ್ಲಿ ಅವರಿಗೆ ಒಳ್ಳೆಯ ಗುರುಗಳು ದೊರೆತರು. ಕೇಂಬ್ರಿಜ್‌ನಲ್ಲಿ ಜೀವರಸಾಯನ ಶಾಸ್ತ್ರದ ಹಿರಿಯರಾದ ಫ್ರೆಡರಿಕ್ ಗೌಲೆಂಡ್ ಹಾಪ್‌ಕಿನ್ಸ್ ಅವರ ಬಳಿ ಎರಡು ವರ್ಷ ದುಡಿದು, 1935ರಲ್ಲಿ ಆಕ್ಸ್‌ಫರ್ಡಿಗೆ ಹೋವರ್ಡ್ ಫ್ಲೋರಿಯವರ ವಿಭಾಗಕ್ಕೆ ಸೇರಿದರು. ಅಲ್ಲಿ ಹಾವಿನ ವಿಷದ ಮೇಲೆ ಕೆಲಸ ಮಾಡಿದರು. ಕಣ್ಣೀರಿನಲ್ಲೂ ಮೊಟ್ಟೆಯ ಬಿಳಿಯಲ್ಲೂ ಇದ್ದು ಸೂಕ್ಷ್ಮಜೀವಿಗಳ ಹೊದಿಕೆಯನ್ನು ಕರಗಿಸುವ ಲೈಸೊಜೈಮ್ ಎಂಬ ಕಿಣ್ವವನ್ನೂ ಪರೀಕ್ಷಿಸಿದರು. ಅದೇ ಕಾಲದಲ್ಲಿ ಅವರ ಗಮನ ಸೆಳೆದುದೇ ನಾನು ಮೇಲೆ ಹೇಳಿದ ಒಗಟು.

ಅದರ ಕಥೆ 1928ರಲ್ಲಿ ಆರಂಭವಾಗುತ್ತದೆ. ಸ್ಪೇನ್ ದೇಶದಿಂದ ಅಮೆರಿಕಕ್ಕೆ ಬಂದಿದ್ದ ಫ್ರಾನ್ಸಿಸ್ಕೊ ಡುರಾನ್ ರೇನಲ್ಸ್ ಎಂಬ ವಿಜ್ಞಾನಿ ನ್ಯೂಯಾರ್ಕಿನಲ್ಲಿ ಮೊಲದ ಚರ್ಮಕ್ಕೆ ದೇವಿರೋಗದ ಲಸಿಕೆಯ ವೈರಸ್ಸನ್ನು ಚುಚ್ಚುತ್ತಿದ್ದರು. ಪ್ರಾಣಿಯ ವೃಷಣದಿಂದ ತೆಗೆದ ರಸವನ್ನು ಅದರೊಂದಿಗೆ ಬೆರೆಸಿದಾಗ ಸೋಂಕು ಚರ್ಮದಲ್ಲಿ ಎಂದಿಗಿಂತ ಬಹಳ ಅಗಲವಾಗಿ ಹರಡಿತು. ಆ ರಸದಲ್ಲಿ ಹರಡಿಸುವ ಅಂಶ ಏನೋ ಇದೆಯೆಂದು ತಿಳಿಯಿತೇ ಹೊರತು ಅದು ಏನೆಂದು ತಿಳಿಯಲಿಲ್ಲ. 1934ರಲ್ಲಿ ಅದೇ ನಗರದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬವರು ದನದ ಕಣ್ಣಿನೊಳಗಿನ ಲೋಳೆಯಿಂದ ಹಯಲುರಾನಿಕ್ ಆಮ್ಲವೆಂಬ ಪದಾರ್ಥವನ್ನು ಬೇರ್ಪಡಿಸಿದರು. ಈ ಪದಾರ್ಥ ನಮ್ಮ ಚರ್ಮದಲ್ಲೂ ಕೀಲುಗಳ ನೀರಿನಲ್ಲೂ ಇದೆ. ಜೀವಕೋಶಗಳ ನಡುವಿನ ಜಾಗವನ್ನು ಅಂಟಾದ ಲೋಳೆಯಂತೆ ತುಂಬಿಕೊಂಡು, ಹೊರಗಿನಿಂದ ಬಂದ ದ್ರವವನ್ನು ಮುಂದೆ ಹೋಗಗೊಡದೆ ತಡೆಯುತ್ತದೆ.

ಈ ಎರಡು ಸಂಗತಿಗಳನ್ನು ಒಂದಾಗಿ ಹೆಣೆದವರು ಚೇನ್ ಮತ್ತು ಅವರ ಸಹೋದ್ಯೋಗಿ ಡುತೀ. 1939 ಮತ್ತು 1940ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ವೃಷಣದ ರಸವು ಕಣ್ಣಿನ ಮತ್ತು ಕೀಲಿನ ಲೋಳೆಯ ಅಂಟುತನವನ್ನು ಕಳೆದು ನೀರಾಗಿಸುತ್ತದೆಂದು ಅವರು ತೋರಿಸಿದರು. ಹರಡಿಸುವ ಅಂಶವೂ, ಹಯಲುರಾನಿಕ್ ಆಮ್ಲವನ್ನು ಕತ್ತರಿಸುವ ಕಿಣ್ವವೂ ಒಂದೇ ಎಂದು ಸಾರಿದರು. ಆ ಕಿಣ್ವಕ್ಕೆ ಹಯಲುರಾನಿಡೇಸ್ ಎಂದು ಹೆಸರು. ಹಾವಿನ ವಿಷದಲ್ಲೂ ಜೇನುನೊಣದ ವಿಷದಲ್ಲೂ ಇದು ಇದೆ. ಕಚ್ಚಿದ ಜಾಗದಿಂದ ವಿಷ ಬೇಗನೆ ಸುತ್ತಲೂ ಹರಡಲು ಇದೂ ಒಂದು ಕಾರಣ.

ನಮ್ಮ ಊರಿನವರಿಗೆ ಇದನ್ನು ಹೇಳುವುದು ಸುಲಭ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣು ಸೊಪ್ಪು ಹಾಕಿ ಕಟ್ಟ ಕಟ್ಟುತ್ತೇವಲ್ಲವೆ? ಕಟ್ಟದ ಹಿಂದೆ ನೀರು ನಿಲ್ಲುತ್ತದೆ. ಒಂದು ಕಡೆ ಬಾಯಿ ಬಿಡಿಸಿದರೆ ನೀರು ತೋಟದ ಕಣಿಗಳಲ್ಲೆಲ್ಲ ಹರಿಯುತ್ತದೆ. ಬಾಯಿ ಮುಚ್ಚಿದರೆ ಮತ್ತೆ ನಿಲ್ಲುತ್ತದೆ. ಹಯಲುರಾನಿಕ್ ಆಮ್ಲ ನಮ್ಮ ಚರ್ಮದ ಕೆಳಗಿನ ಕಟ್ಟ, ಈ ಕಿಣ್ವ ಅದರ ಬಾಯಿ ಬಿಡಿಸುವ ಕೈ. ದೇಹವು ಒಂದೆರಡು ದಿನಗಳಲ್ಲಿ ಆ ಕಟ್ಟವನ್ನು ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದುದರಿಂದ ಶಾಶ್ವತವಾದ ಕೇಡಿಲ್ಲ.

ಇಷ್ಟರಲ್ಲಿ ಚೇನ್ ಅವರ ಕೈಗೆ ಇನ್ನೊಂದು ಕೆಲಸ ಬಂದಿತ್ತು. ಸೂಕ್ಷ್ಮಜೀವಿಗಳನ್ನು ಕೊಲ್ಲುವ, ಸೂಕ್ಷ್ಮಜೀವಿಗಳಿಂದಲೇ ಹುಟ್ಟುವ ಪದಾರ್ಥಗಳ ಬಗೆಗೆ 1938ರಲ್ಲಿ ಹಳೆಯ ಸಂಚಿಕೆಗಳನ್ನು ತಿರುವುತ್ತಿದ್ದಾಗ ಫ್ಲೆಮಿಂಗ್ 1929ರಲ್ಲಿ ಬರೆದು, ಹೆಚ್ಚಿನವರು ಮರೆತಿದ್ದ ಲೇಖನ ಅವರ ಕಣ್ಣಿಗೆ ಬಿತ್ತು. ಫ್ಲೆಮಿಂಗ್ ಹೇಳಿದ ಬೂಷ್ಟಿನ ಒಂದು ತಳಿ ಅವರದೇ ಕಟ್ಟಡದಲ್ಲಿ ಬೇರೆ ಕೆಲಸಕ್ಕೆಂದು ಬೆಳೆಯುತ್ತಿತ್ತು. ಪೆನಿಸಿಲಿನ್ ಲೈಸೊಜೈಮ್‌ನಂತೆ ಒಂದು ಕಿಣ್ವವೇ ಇರಬೇಕೆಂದು ಚೇನ್ ಎಣಿಸಿದ್ದರು. ಅವರ ಎಣಿಕೆ ತಪ್ಪಾಯಿತು. ಅದು ಕಿಣ್ವವಲ್ಲ, ಅದಕ್ಕಿಂತ ಬಹಳ ಚಿಕ್ಕ ಅಣು. ತಪ್ಪು ಎಣಿಕೆಯಿಂದ ಹೊರಟು ಸರಿಯಾದ ಊರನ್ನು ಸೇರುವುದು ವಿಜ್ಞಾನದಲ್ಲಿ ಅಪರೂಪವಲ್ಲ. ತಪ್ಪನ್ನು ಒಪ್ಪಿಕೊಳ್ಳುವ ಮನಸ್ಸು ಮಾತ್ರ ಬೇಕು.

ನಾರ್ಮನ್ ಹೀಟ್ಲಿ ಎಂಬ ಕುಶಲ ಸಹೋದ್ಯೋಗಿಯ ಉಪಾಯದಿಂದ ಪೆನಿಸಿಲಿನ್‌ನ್ನು ಬೂಷ್ಟಿನ ರಸದಿಂದ ಬೇರ್ಪಡಿಸಲಾಯಿತು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಸೂಕ್ಷ್ಮಜೀವಿಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮರುದಿನ ಬೆಳಗಾಗುವಷ್ಟರಲ್ಲಿ ಔಷಧ ಸಿಗದ ನಾಲ್ಕೂ ಸತ್ತಿದ್ದವು. ಸಿಕ್ಕ ನಾಲ್ಕೂ ಬದುಕಿದ್ದವು. 1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವರಿಗೆ ಚಿಕಿತ್ಸೆ ಆರಂಭವಾಯಿತು. ಮೈಯೆಲ್ಲ ನಂಜೇರಿದ್ದ ಅವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಆದರೆ ಔಷಧ ಮುಗಿಯಿತು. ಮೂತ್ರದಲ್ಲಿ ಹೊರಬಂದ ಪೆನಿಸಿಲಿನ್‌ನ್ನೇ ಶುದ್ಧಮಾಡಿ ಮತ್ತೆ ಚುಚ್ಚಿದರೂ ಸಾಲಲಿಲ್ಲ. ಮಾರ್ಚ್ 15ರಂದು ಅವರು ತೀರಿಕೊಂಡರು.

ಔಷಧವೇ ಮೂತ್ರದಲ್ಲಿ ಹೊರಬರುವುದರಲ್ಲಿ ಪೆನಿಸಿಲಿನ್‌ನ ದೊಡ್ಡ ಕೊರತೆ ಅಡಗಿತ್ತು. ಮೂತ್ರಪಿಂಡಗಳು ಅದನ್ನು ರಕ್ತದಿಂದ ಬಹು ಬೇಗ ಹೊರಹಾಕಿಬಿಡುತ್ತವೆ. ಹಾಗಾಗಿ ಹಗಲು ರಾತ್ರಿ ಮೂರು ಮೂರು ಗಂಟೆಗೊಮ್ಮೆ ಚುಚ್ಚಬೇಕಾಗಿತ್ತು. ಈ ಕಷ್ಟವನ್ನು ನೀಗಲು 1944ರಲ್ಲಿ ಅಮೆರಿಕದವರು ಅದನ್ನು ಕಡಲೆಕಾಯಿ ಎಣ್ಣೆಯಲ್ಲೂ ಜೇನುಮೇಣದಲ್ಲೂ ಕಲಸಿ ಚುಚ್ಚಿ ನೋಡಿದರು. ಆಮೇಲೆ ಪ್ರೊಕೇನ್ ಪೆನಿಸಿಲಿನ್ ಬಂತು. 1950ರ ದಶಕದ ಆರಂಭದಲ್ಲಿ ಬೆಂಜಥೀನ್ ಪೆನಿಸಿಲಿನ್ ಬಂತು. ಇದು ನೀರಿನಲ್ಲಿ ಬೇಗ ಕರಗದು. ಮಾಂಸಖಂಡದಲ್ಲಿ ಗಂಟಾಗಿ ಕುಳಿತು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ದೀರ್ಘಕಾಲ ಕೆಲಸ ಮಾಡುವ ಚುಚ್ಚುಮದ್ದುಗಳ ಹಿರಿಯಣ್ಣ ಇದೇ ಎನ್ನಬಹುದು. ಮಕ್ಕಳಿಗೆ ಗಂಟಲುನೋವಿನ ಬೆನ್ನಿಗೆ ಕೀಲು ಊದುವ ಜ್ವರ ಬಂದು ಹೃದಯದ ಕವಾಟಗಳು ಕೆಡುವ ಕಾಯಿಲೆಯುಂಟು. ಅಂತಹವರಿಗೆ ಆ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ, ಅನೇಕ ವರ್ಷಗಳ ಕಾಲ ಇದನ್ನು ಕೊಡುತ್ತಾರೆ. ದೊಡ್ಡ ಮಕ್ಕಳಿಗೆ 12 ಲಕ್ಷ ಯೂನಿಟ್. ಗಟ್ಟಿ ಹಾಲಿನಂತಹ ಆ ಮದ್ದು ದಪ್ಪ ಸೂಜಿಯಿಂದ ಮಾಂಸಖಂಡಕ್ಕೆ ಇಳಿಯುವಾಗಿನ ನೋವು ಅನುಭವಿಸಿದವರಿಗೇ ಗೊತ್ತು.

ನನ್ನ ಕಾರಣವನ್ನು ಹೇಳಬೇಕಾದುದು ಇಲ್ಲಿಯೇ. ಬಹಳ ವರ್ಷಗಳ ಹಿಂದೆ ನನ್ನ ಆರನೆಯ ತರಗತಿಯಲ್ಲಿ ಅಂತಹ ಒಬ್ಬ ಹುಡುಗಿಯಿದ್ದಳು. ಹೆಸರು ಬೇಡ. ಪ್ರತಿ ಮೂರನೆಯ ವಾರ ಎರಡು ದಿನ ಶಾಲೆಗೆ ಬರುತ್ತಿರಲಿಲ್ಲ. ಚುಚ್ಚುಮದ್ದು ಹಾಕಿಸಿಕೊಂಡ ದಿನ ಆಸ್ಪತ್ರೆಯ ದಾರಿ, ಮರುದಿನ ಕಾಲು ಊರಲಾರದಷ್ಟು ನೋವು. ಅವಳಿಗೆ ಹೃದಯದ ತೊಂದರೆಯಿದೆಯೆಂದು ಮಾತ್ರ ನಾನು ಬಲ್ಲೆ. ಆ ಮದ್ದು ಒಮ್ಮೆ ತಪ್ಪಿದರೂ ಅಪಾಯವೆಂಬುದನ್ನು ನಾನು ಯಾರಲ್ಲೂ ಕೇಳಿ ತಿಳಿದುಕೊಳ್ಳಲಿಲ್ಲ. ಹಾಜರಿ ಕಡಿಮೆಯಾಯಿತೆಂದು ಎಲ್ಲರ ಮುಂದೆ ಅವಳನ್ನು ಗದರಿದ್ದೆ. ಏಳನೆಯ ತರಗತಿಯಲ್ಲಿ ಅವಳು ಒಂದು ದಿನವೂ ತಪ್ಪಿಸಲಿಲ್ಲ. ವಾರ್ಷಿಕೋತ್ಸವದಂದು ಪೂರ್ಣ ಹಾಜರಿಯ ಬಹುಮಾನವಾಗಿ ಒಂದು ಸ್ಟೀಲಿನ ಲೋಟವನ್ನು ಅವಳಿಗೆ ಕೊಟ್ಟವನು ನಾನೇ. ಆ ವರ್ಷವಿಡೀ ಅವಳು ಚುಚ್ಚುಮದ್ದನ್ನು ಹಾಕಿಸಿಕೊಂಡಿರಲಿಲ್ಲವೆಂದು ಆಮೇಲೆ ಅವಳ ತಾಯಿಯಿಂದ ತಿಳಿಯಿತು. ಜ್ವರ ಮರುಕಳಿಸಿ ಕವಾಟ ಪೂರ್ತಿ ಕೆಟ್ಟಿತು. ಮಂಗಳೂರಿಗೆ ಕರೆದೊಯ್ದರು, ಆದರೆ ಅವಳು ಉಳಿಯಲಿಲ್ಲ. ನೋವಿಗೆ ಹೆದರಿ ಬಿಟ್ಟಳೋ, ನನಗೆ ಹೆದರಿ ಬಿಟ್ಟಳೋ ಎಂಬ ಪ್ರಶ್ನೆಯನ್ನು ನಾನು ಇಂದಿಗೂ ಹೊತ್ತುಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಕಣ್ಣಿನ ಪೊರೆ ತೆಗೆಸುವಾಗ, ಕಣ್ಣಿನ ಬಳಿ ಮರಗಟ್ಟುವ ಮದ್ದಿಗೆ ಇನ್ನೊಂದು ಪುಟ್ಟ ಸೀಸೆಯ ಮದ್ದನ್ನು ಬೆರೆಸಿದ್ದರು. ಅದೇನೆಂದು ವೈದ್ಯರನ್ನು ಕೇಳಿದೆ. ಮದ್ದು ಬೇಗ ಹರಡಲು ಹಾಕುವ ಹಯಲುರಾನಿಡೇಸ್ ಎಂದು ತಿಳಿಸಿದರು. ಆ ಹೆಸರಿನ ಬೆನ್ನು ಹಿಡಿದು ಓದುತ್ತ ಹೋದಾಗ ಚೇನ್ ಸಿಕ್ಕಿದರು. ಮೂರು ಗಂಟೆಗೊಮ್ಮೆ ಚುಚ್ಚಬೇಕಾಗಿದ್ದ ಪೆನಿಸಿಲಿನ್‌ಗೂ, ಚುಚ್ಚಿದ ಮದ್ದಿಗೆ ದಾರಿ ಬಿಡಿಸುವ ಕಿಣ್ವಕ್ಕೂ ಅದೇ ಮನುಷ್ಯನ ಕೈ ಸೋಕಿತ್ತೆಂದು ತಿಳಿದಾಗ ಆ ಹುಡುಗಿಯ ನೆನಪಾಗದೆ ಇರಲಿಲ್ಲ.

ಚೇನ್ ಅವರ ಮುಂದಿನ ಬಾಳಿನಲ್ಲಿ ಏಳುಬೀಳುಗಳು ಅನೇಕ. 1940ರಲ್ಲೇ ಅವರು ಎಡ್ವರ್ಡ್ ಅಬ್ರಹಾಂ ಅವರೊಂದಿಗೆ ಪೆನಿಸಿಲಿನ್‌ನ್ನು ನಾಶಮಾಡುವ ಪೆನಿಸಿಲಿನೇಸ್ ಎಂಬ ಕಿಣ್ವವನ್ನು ಸೂಕ್ಷ್ಮಜೀವಿಗಳಲ್ಲಿ ಕಂಡುಹಿಡಿದರು. ಔಷಧವಿನ್ನೂ ರೋಗಿಯನ್ನು ಮುಟ್ಟುವ ಮೊದಲೇ ಅದರ ವೈರಿಯನ್ನು ಗುರುತಿಸಿದ್ದರೆಂಬುದನ್ನು ಗಮನಿಸಬೇಕು. ಮದ್ದಿಗೆ ಬಗ್ಗದ ಸೂಕ್ಷ್ಮಜೀವಿಗಳ ಕಾಟ ಇಂದು ಜಗತ್ತಿನ ದೊಡ್ಡ ಚಿಂತೆಯಾಗಿದೆ. ಪೆನಿಸಿಲಿನ್‌ಗೆ ಪೇಟೆಂಟ್ ಪಡೆಯಬೇಕೆಂದು ಚೇನ್ ಹಟ ಹಿಡಿದರು. ವೈದ್ಯಕೀಯ ಸಂಶೋಧನೆಯಿಂದ ಹಣ ಮಾಡುವುದು ಸಲ್ಲದೆಂದು ಇಂಗ್ಲೆಂಡಿನ ಹಿರಿಯರು ಅದನ್ನು ತಳ್ಳಿಹಾಕಿದರು. ಉತ್ಪಾದನೆಯ ವಿಧಾನಗಳಿಗೆ ಅಮೆರಿಕದಲ್ಲಿ ಪೇಟೆಂಟುಗಳಾದವು. 1941ರಲ್ಲಿ ಫ್ಲೋರಿಯವರು ಹೀಟ್ಲಿಯವರನ್ನು ಕರೆದುಕೊಂಡು ಅಮೆರಿಕಕ್ಕೆ ಹೊರಟಾಗ ಚೇನ್ ಅವರಿಗೆ ಮೊದಲಾಗಿ ತಿಳಿಸಿರಲಿಲ್ಲ. ಆ ನೋವು ಅವರಿಬ್ಬರ ನಡುವೆ ಬಿರುಕಾಗಿ ಉಳಿಯಿತು. ಚೇನ್ ಮುಂಗೋಪಿಗಳು, ಮನಸ್ಸಿನಲ್ಲಿದ್ದುದನ್ನು ಆಡಿಬಿಡುವವರು. ಸಂತರೇನೂ ಅಲ್ಲ. ಆದರೆ ಕೆಲಸದಲ್ಲಿ ಅವರ ಶ್ರದ್ಧೆಯನ್ನು ವೈರಿಗಳೂ ಅಲ್ಲಗಳೆಯಲಿಲ್ಲ.

1948ರಲ್ಲಿ ಜೀವರಸಾಯನ ಶಾಸ್ತ್ರಜ್ಞೆಯಾದ ಆನ್ ಬೆಲೊಫ್ ಅವರನ್ನು ವರಿಸಿ, ಇಟಲಿಯ ರೋಮ್ ನಗರದ ಸರಕಾರೀ ಆರೋಗ್ಯ ಸಂಸ್ಥೆಗೆ ಹೋದರು. ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಬೂಷ್ಟನ್ನು ಬೆಳೆಸುವ ವ್ಯವಸ್ಥೆಯನ್ನು ಅಲ್ಲಿ ಕಟ್ಟಿದರು. ಬೀಚಮ್ ಕಂಪನಿಯ ವಿಜ್ಞಾನಿಗಳು ಅಲ್ಲಿಯೇ ಅವರ ಬಳಿ ಕೆಲಸ ಕಲಿತು, ಪೆನಿಸಿಲಿನ್ ಅಣುವಿನ ತಿರುಳನ್ನು ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದರು. ಆ ತಿರುಳಿನಿಂದಲೇ 1960ರಲ್ಲಿ ಪೆನಿಸಿಲಿನೇಸ್‌ಗೆ ಬಗ್ಗದ ಮೆಥಿಸಿಲಿನ್, ಮರುವರ್ಷ ನಮಗೆಲ್ಲ ಪರಿಚಿತವಾದ ಆಂಪಿಸಿಲಿನ್ ಹುಟ್ಟಿದವು. 1960ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಮರಳಿ, 1973ರಲ್ಲಿ ನಿವೃತ್ತರಾದರು. 1969ರಲ್ಲಿ ಸರ್ ಪದವಿ ಬಂದಿತು. ಪಿಯಾನೋ ನುಡಿಸುವುದನ್ನು ಅವರು ಎಂದೂ ಬಿಡಲಿಲ್ಲ. 1979ರ ಆಗಸ್ಟ್ 12ರಂದು ಐರ್ಲೆಂಡಿನಲ್ಲಿ ಕೊನೆಯುಸಿರೆಳೆದರು.

ಅವರು ಬಿಡಿಸಿದ ಒಗಟಿನ ಫಲ ಅವರ ಕಾಲಾನಂತರ ದೊಡ್ಡದಾಯಿತು. ಮೊದಮೊದಲು ಕುರಿ ಎತ್ತುಗಳ ವೃಷಣದಿಂದ ಕಿಣ್ವವನ್ನು ತೆಗೆಯುತ್ತಿದ್ದರು. ಮನುಷ್ಯನ ಕಿಣ್ವವನ್ನೇ ಹೋಲುವಂತೆ ಜೀವಕೋಶಗಳಲ್ಲಿ ತಯಾರಿಸಿದ ಕಿಣ್ವಕ್ಕೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸಾಮಾನ್ಯವಾಗಿ ಚರ್ಮದ ಕೆಳಗೆ ಒಂದೆರಡು ಮಿಲಿಲೀಟರಿಗಿಂತ ಹೆಚ್ಚು ಮದ್ದು ಹಿಡಿಯದು. ಈ ಕಿಣ್ವ ಜೊತೆಗಿದ್ದರೆ ಹೆಚ್ಚು ಹಿಡಿಯುತ್ತದೆ. ಸ್ತನದ ಅರ್ಬುದಕ್ಕೆ ಕೊಡುವ ಟ್ರಾಸ್ಟುಜುಮಾಬ್ ಎಂಬ ಮದ್ದನ್ನು ರಕ್ತನಾಳಕ್ಕೆ ಹನಿಸಲು 30ರಿಂದ 90 ನಿಮಿಷ ಬೇಕು. ಕಿಣ್ವ ಬೆರೆಸಿದ ಅದೇ ಮದ್ದಿಗೆ 2013ರಲ್ಲಿ ಯೂರೋಪಿನಲ್ಲಿ ಅನುಮತಿ ಸಿಕ್ಕಿತು. ಅದನ್ನು ತೊಡೆಯ ಚರ್ಮದ ಕೆಳಗೆ 2ರಿಂದ 5 ನಿಮಿಷಗಳಲ್ಲಿ ಚುಚ್ಚಿ ಮುಗಿಸಬಹುದು. ರೋಗನಿರೋಧಕ ಶಕ್ತಿಯ ಕೊರತೆಯಿರುವವರಿಗೆ ತಿಂಗಳಿಗೊಮ್ಮೆ ನೂರಾರು ಮಿಲಿಲೀಟರ್ ದ್ರವವನ್ನು ಒಂದೇ ಜಾಗದಲ್ಲಿ ಕೊಡುವುದೂ ಸಾಧ್ಯವಾಗಿದೆ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮದ್ದು ಬಹುಕಾಲ ಉಳಿಯುವಂತೆ ಮಾಡುವುದು ಈ ಕಿಣ್ವವಲ್ಲ. ಅದು ನಿಧಾನವಾಗಿ ಕರಗುವ ಮದ್ದಿನ ಗುಣ. ಕಿಣ್ವ ಮಾಡುವುದು ಜಾಗವನ್ನು. ಜಾಗವಾದರೆ ಒಮ್ಮೆಗೆ ಹೆಚ್ಚು ಮದ್ದು ಇಡಬಹುದು, ಹೆಚ್ಚು ಇಟ್ಟರೆ ಚುಚ್ಚುವ ಸರದಿ ದೂರವಾಗುತ್ತದೆ. ಎಚ್.ಐ.ವಿ. ತಡೆಗೆ ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಎಂಬ ಚುಚ್ಚುಮದ್ದನ್ನು ನಾಲ್ಕು ತಿಂಗಳಿಗೊಮ್ಮೆ ಮಾಡಲು ಈ ಕಿಣ್ವವನ್ನು ಸೇರಿಸಿಯೂ ಪರೀಕ್ಷೆಗಳು ನಡೆದಿವೆ. ಬೆಂಜಥೀನ್ ಪೆನಿಸಿಲಿನ್‌ನ್ನು ಮಾಂಸಖಂಡಕ್ಕೆ ಬದಲು ಚರ್ಮದ ಕೆಳಗೆ ದೊಡ್ಡ ಪ್ರಮಾಣದಲ್ಲಿ ನಿಧಾನವಾಗಿ ಹರಿಸಿ, ಮೂರು ವಾರದ ಸರದಿಯನ್ನು ತಿಂಗಳುಗಳಿಗೆ ಏರಿಸುವ ಪ್ರಯತ್ನವನ್ನು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸಂಶೋಧಕರು ಮಾಡುತ್ತಿದ್ದಾರೆ. ಅದರಲ್ಲಿ ಕಿಣ್ವದ ಬಳಕೆಯಿಲ್ಲ. ಆದರೆ ಮಗುವಿನ ನೋವನ್ನೂ ಶಾಲೆ ತಪ್ಪುವ ದಿನಗಳನ್ನೂ ಕಡಿಮೆ ಮಾಡಬೇಕೆಂಬ ಹಂಬಲ ಒಂದೇ. ಅದು ಕೈಗೂಡುವ ದಿನ ಬರಲೆಂದು ಹಾರೈಸುತ್ತೇನೆ.

ಅಲ್ಲಿಯವರೆಗೆ ಮೂರು ವಾರದ ಚುಚ್ಚುಮದ್ದೇ ಆ ಮಕ್ಕಳಿಗೆ ಗತಿ. ಈ ಶಾಲೆಯ ಇಂದಿನ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಹಾಜರಿ ಪುಸ್ತಕದಲ್ಲಿ ಯಾವುದಾದರೊಂದು ಹೆಸರಿನ ಮುಂದೆ ಮೂರು ವಾರಕ್ಕೊಮ್ಮೆ ಗೈರುಹಾಜರಿಯ ಗುರುತು ಕಂಡರೆ ಗದರಬೇಡಿ. ಆ ಮನೆಗೆ ಹೋಗಿ ಕೇಳಿ. ಮದ್ದಿನ ತಾರೀಕನ್ನು ನೀವೇ ಬರೆದಿಟ್ಟುಕೊಳ್ಳಿ. ಆ ದಿನಗಳ ಪಾಠವನ್ನು ಮರುದಿನ ಹೇಳಿಕೊಡಿ.

ವಿದ್ಯಾರ್ಥಿಗಳಲ್ಲಿ ಹೇಳುವುದಿಷ್ಟೆ. ಪರೀಕ್ಷೆಗೆ ಒಂದು ಹೆಸರು ಸಾಕಾಗಬಹುದು. ತಿಳಿವಿಗೆ ಸಾಲದು. ಹತ್ತು ಪೌಂಡಿನೊಂದಿಗೆ ಪರದೇಶಕ್ಕೆ ಬಂದು, ಪರಭಾಷೆಯಲ್ಲಿ ದುಡಿದು, ಹಳೆಯ ಸಂಚಿಕೆಯೊಂದನ್ನು ತೆರೆದು ನೋಡಿದ ಆ ಮೂರನೆಯವರನ್ನೂ ನೆನೆಯಿರಿ. ನಿಮ್ಮ ಶಾಲೆಯ ವಾಚನಾಲಯದಲ್ಲೂ ಯಾರೂ ತೆರೆಯದ ಹಳೆಯ ಪುಸ್ತಕಗಳಿವೆ.

ಐವತ್ತು ತುಂಬಿದ ನಮ್ಮ ಶಾಲೆ ನೂರನ್ನು ಕಾಣಲಿ. ಅದರ ಮಕ್ಕಳೆಲ್ಲ ಆರೋಗ್ಯವಂತರಾಗಿ ಬಾಳಲಿ.